ಹಳೆಯ ಮನೆಯ ವಯರಿಂಗ್ ಬದಲಿಸಲು ಗೋಡೆ ಒಡೆಯಲೇಬೇಕೆ?

ಪುತ್ತೂರು–ಸುಳ್ಯ ರಸ್ತೆಯ ಕುಂಬ್ರದ ಆಸುಪಾಸಿನಲ್ಲಿ ಮುರಕಲ್ಲಿನ ಗೋಡೆ, ಹೆಂಚಿನ ಮಾಡಿನ ಹಳೆಯ ಮನೆಗಳು ಇನ್ನೂ ಇವೆ. ನಾಲ್ಕು ಬಲ್ಬು, ಒಂದು ರೇಡಿಯೊಗೆಂದು ಎಳೆದಿದ್ದ ತಂತಿಗಳು ಈಗ ಫ್ರಿಜ್, ಮಿಕ್ಸಿ, ಗೀಸರ್‌ಗಳ ಹೊರೆಯನ್ನೂ ಹೊರಬೇಕಾಗಿದೆ. ಬದಲಿಸಿ ಎಂದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ: "ಸಾರಣೆ, ಪೈಂಟ್ ಎಲ್ಲ ಆಗಿದೆ, ಗೋಡೆ ಒಡೆಯುವುದು ಬೇಡ. ಹೇಗೂ ಎಂಸಿಬಿ ಇದೆಯಲ್ಲ?"

ಎಂಸಿಬಿ ಕಾಯುವುದು ತಂತಿಯನ್ನು, ಮನುಷ್ಯರನ್ನಲ್ಲ. ಒದ್ದೆ ಮೈಯ ರೋಧ ಸುಮಾರು 1,000 ಓಮ್ ಎಂದುಕೊಳ್ಳಿ. 230 ವೋಲ್ಟ್ ತಗಲಿದರೆ ದೇಹದಲ್ಲಿ 0.23 ಆಂಪಿಯರ್ ಹರಿಯುತ್ತದೆ. ಹೃದಯದ ಬಡಿತ ಹದಗೆಡಲು ಇಷ್ಟು ಸಾಕು. ಆದರೆ 16 ಆಂಪಿಯರ್‌ನ ಎಂಸಿಬಿಗೆ ಇದು ಸಣ್ಣದೊಂದು ಬಲ್ಬು ಉರಿದಷ್ಟೇ. ಅದು ಕದಲುವುದೇ ಇಲ್ಲ. ಜೀವ ಉಳಿಸಬಲ್ಲದ್ದು ಆರ್‌ಸಿಸಿಬಿ (ಅಂಗಡಿಗಳಲ್ಲಿ ಈಗಲೂ ಇಎಲ್‌ಸಿಬಿ ಎಂದೇ ಕೇಳುತ್ತಾರೆ). ಹೋದ ಕರೆಂಟಿಗೂ ಮರಳಿದ ಕರೆಂಟಿಗೂ 30 ಮಿಲಿಆಂಪಿಯರ್ ವ್ಯತ್ಯಾಸ ಬಂದರೆ ಅದು 0.3 ಸೆಕೆಂಡಿನೊಳಗೆ ಸಂಪರ್ಕ ಕಡಿಯುತ್ತದೆ.

ಮಳೆಗಾಲದಲ್ಲಿ ಅದು ಪದೇ ಪದೇ ಟ್ರಿಪ್ ಆಗುತ್ತದೆಂದು ಕೆಲವರು ತೆಗೆಸಿಬಿಡುತ್ತಾರೆ. ಕೆಟ್ಟಿರುವುದು ಹೆಚ್ಚಾಗಿ ಅದಲ್ಲ. ಮುರಕಲ್ಲು ನೀರು ಹೀರುತ್ತದೆ, ಹಳೆಯ ತಂತಿಯ ಹೊದಿಕೆ ಬಿರಿದಿರುತ್ತದೆ, ಕರೆಂಟು ಗೋಡೆಗೆ ಸೋರುತ್ತದೆ. ದೂರು ಹೇಳಿದವನನ್ನೇ ಹೊರಗೆ ಹಾಕಿದಂತೆ ಇದು.

ಗೋಡೆಯ ವಿಷಯಕ್ಕೆ ಬಂದರೆ, ಒಳಗೆ ಪೈಪ್ ಸರಿಯಾಗಿದ್ದರೆ ಹಳೆಯ ತಂತಿಯ ತುದಿಗೆ ಹೊಸದನ್ನು ಕಟ್ಟಿ ಎಳೆದುಬಿಡಬಹುದು. ಪೈಪ್ ತುಕ್ಕು ಹಿಡಿದಿದ್ದರೆ, ಅಥವಾ ತಂತಿಯನ್ನು ನೇರವಾಗಿ ಸಾರಣೆಯೊಳಗೆ ಹೂತಿದ್ದರೆ ಅದು ಬರುವುದಿಲ್ಲ. ಆಗ ಹಳೆಯದನ್ನು ಎರಡೂ ತುದಿಗಳಲ್ಲಿ ಕಡಿದು ಅಲ್ಲೇ ಬಿಡುವುದು, ಹೊಸದಕ್ಕೆ ಬೇರೆ ದಾರಿ ಹುಡುಕುವುದು. ಹೆಂಚಿನ ಮನೆಯಲ್ಲಿ ಈ ದಾರಿ ಸುಲಭ: ಅಟ್ಟದ ಮೇಲೆ ಪೈಪಿನಲ್ಲಿ ಸಾಗಿ (ಪೈಪಿಲ್ಲದಿದ್ದರೆ ಇಲಿಗೆ ಹಬ್ಬ), ದಾರಂದದ ಪಕ್ಕದಲ್ಲಿ ಪಿವಿಸಿ ಕೇಸಿಂಗ್‌ನೊಳಗೆ ಸ್ವಿಚ್‌ವರೆಗೆ ಇಳಿಸಬಹುದು. ಪಟ್ಟಿ ಕಣ್ಣಿಗೆ ಕಾಣುತ್ತದೆ, ನಿಜ. ದೋಷ ಬಂದರೆ ಅದೂ ಕಾಣುತ್ತದೆ.

ಎಲ್ಲವನ್ನೂ ಒಂದೇ ಸಲ ಮಾಡಬೇಕೆಂದಿಲ್ಲ. ಬಚ್ಚಲು, ಅಡುಗೆಮನೆ, ಪಂಪಿನ ಲೈನ್ ಮೊದಲು. 3 ಕಿಲೋವ್ಯಾಟ್ ಗೀಸರ್ 13 ಆಂಪಿಯರ್ ಎಳೆಯುತ್ತದೆ. ಕರೆಂಟು ಎರಡರಷ್ಟಾದರೆ ತಂತಿಯ ಬಿಸಿ ನಾಲ್ಕರಷ್ಟಾಗುತ್ತದೆ. ಹಾಗಾಗಿ ಗೀಸರ್‌ಗೆ ಪ್ರತ್ಯೇಕ ಲೈನ್ ಬೇಕೇ ಬೇಕು.

ಹಳೆಯ ಎರಡು ತಂತಿಯ ಲೈನಿನಲ್ಲಿ ಅರ್ತ್ ಇರುವುದಿಲ್ಲ. ಮೂರು ಪಿನ್ನಿನ ಸಾಕೆಟ್ ಕೂರಿಸಿ, ಅರ್ತ್ ಪಿನ್ನನ್ನು ನ್ಯೂಟ್ರಲ್‌ಗೆ ಸೇರಿಸುವ ಅಡ್ಡದಾರಿಗೆ ಒಪ್ಪಲೇಬೇಡಿ. ಎಲ್ಲಾದರೂ ನ್ಯೂಟ್ರಲ್ ಕಡಿದರೆ ಫ್ರಿಜ್‌ನ ಬಾಗಿಲೇ ಶಾಕ್ ಹೊಡೆಯುತ್ತದೆ. ಕೆಲಸವನ್ನು ಪರವಾನಗಿ ಇರುವ ಗುತ್ತಿಗೆದಾರರಿಗೇ ಕೊಡಿ. ಮುಗಿದ ಮೇಲೆ 500 ವೋಲ್ಟ್ ಮೆಗ್ಗರ್‌ನಿಂದ ನಿಮ್ಮೆದುರೇ ಅಳೆಯಲು ಹೇಳಿ. 1 ಮೆಗಾಓಮ್‌ಗಿಂತ ಕಡಿಮೆ ತೋರಿಸಿದ ಲೈನಿಗೆ ಕರೆಂಟು ಕೊಡುವುದು ಬೇಡ.