ಕಣ್ಣಿಗೆ ಕಾಣದ ತಿರುಳು

ಮನೆಯ ಹಿತ್ತಿಲಲ್ಲೇ ಹಾಯಿದೋಣಿ ಕಟ್ಟಿಕೊಳ್ಳುವ ಹವ್ಯಾಸಿಗಳು ಇಂಗ್ಲೆಂಡ್, ಅಮೆರಿಕ, ನ್ಯೂಜಿಲೆಂಡ್ ದೇಶಗಳಲ್ಲಿ ಬಹಳ ಮಂದಿ. ಕಚೇರಿಯಿಂದ ಬಂದ ಸಂಜೆಗಳನ್ನೂ ಭಾನುವಾರಗಳನ್ನೂ ವರ್ಷಗಟ್ಟಲೆ ಅದಕ್ಕೆ ಧಾರೆಯೆರೆದು, ಕೊನೆಗೊಂದು ದಿನ ಹೆಂಡತಿ ಮಕ್ಕಳನ್ನು ಕುಳ್ಳಿರಿಸಿಕೊಂಡು ಸಮುದ್ರಕ್ಕೆ ಇಳಿಯುತ್ತಾರೆ. ಅಷ್ಟು ಜೀವಗಳನ್ನು ಕಾಯುವ ವಸ್ತುವೊಂದು ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಅದೇ ದೋಣಿಯ ಒಡಲಿನ ತಿರುಳು.

ಇಂಥ ದೋಣಿಯ ಮೈ ಒಂದೇ ಹಲಗೆಯದಲ್ಲ. ಗಾಜಿನ ನಾರಿನ ಬಟ್ಟೆಯನ್ನು ರಾಳದಲ್ಲಿ ನೆನೆಸಿ ಗಟ್ಟಿಮಾಡಿದ ತೆಳುಪದರ ಹೊರಗೊಂದು, ಒಳಗೊಂದು. ಹೋಳಿಗೆಯ ಕಣಕದ ನಡುವೆ ಹೂರಣವಿದ್ದಂತೆ ನಡುವೆ ಹಗುರವಾದ ತಿರುಳು. ಒಂದು ಗಟ್ಟಿ ಹಾಳೆಯನ್ನು ಎರಡಾಗಿ ಸೀಳಿ, ಅದರಷ್ಟೇ ದಪ್ಪದ ತಿರುಳನ್ನು ನಡುವೆ ಸೇರಿಸಿದರೆ ಬಾಗದೆ ನಿಲ್ಲುವ ಬಿಗುವು ಸುಮಾರು 7 ಪಟ್ಟಾಗುತ್ತದೆ. ಮೂರರಷ್ಟು ದಪ್ಪದ್ದಾದರೆ 37 ಪಟ್ಟು. ತೂಕ ಹೆಚ್ಚುವುದು ಅತ್ಯಲ್ಪ. ಆದರೆ ಪದರಗಳು ಒಂದರ ಮೇಲೊಂದು ಜಾರದಂತೆ ತಿರುಳು ಹಿಡಿದಿರುವವರೆಗೆ ಮಾತ್ರ ಈ ಲಾಭ. ಅದು ಕೊಳೆತರೆ ಅಥವಾ ಅಂಟು ಬಿಟ್ಟರೆ ಎಲ್ಲವೂ ನೀರುಪಾಲೇ ಸರಿ.

ಆಯ್ಕೆಗೆ ಮುಖ್ಯವಾಗಿ ಮೂರು ವಸ್ತುಗಳುಂಟು. ಮೊದಲನೆಯದು ಈಕ್ವೆಡಾರಿನ ಬಾಲ್ಸಾ ಮರ. 1947ರಲ್ಲಿ ಥೋರ್ ಹೆಯರ್‌ಡಾಲ್ ಪೆರುವಿನಿಂದ ಪಾಲಿನೇಷ್ಯಕ್ಕೆ 101 ದಿನ ತೇಲಿ ಹೋದುದು ಇದೇ ಮರದ ಹಸಿ ದಿಮ್ಮಿಗಳ ತೆಪ್ಪದ ಮೇಲೆ. ದೋಣಿಯ ತಿರುಳಿಗೆ ಬಳಸುವುದು ಒಣಗಿಸಿ, ಎಳೆಗಳು ನೆಟ್ಟಗೆ ನಿಲ್ಲುವಂತೆ ಅಡ್ಡಕೊಯ್ದ ತುಂಡುಗಳನ್ನು. ಒತ್ತಡಕ್ಕೆ ಇದು ಜಗ್ಗದು. ಆದರೆ ಒಂದು ಮೊಳೆಯ ತೂತಿನಿಂದ ನೀರು ಇಳಿದರೂ ಒಳಗೊಳಗೇ ಕೊಳೆಯಬಹುದು. ಎರಡನೆಯದು ಪಿ.ವಿ.ಸಿ. ಫೋಮ್. ಇದರ ಕಣಗಳು ಮುಚ್ಚಿಕೊಂಡಿರುವುದರಿಂದ ನೀರು ಸುಲಭವಾಗಿ ಒಳಹೋಗದು, ಕೊಳೆಯುವ ಭಯವೂ ಇಲ್ಲ. ಆದರೆ ಬಿಸಿಲಿಗೆ ಕಾಯುವ ಕಡುಬಣ್ಣದ ಮೇಲ್ಭಾಗದಲ್ಲಿ ಮೆತ್ತಗಾಗುವ ಸಂಭವವುಂಟು. ಮೂರನೆಯದು ಸೀಡರ್ ಮರದ ಸಣ್ಣ ಪಟ್ಟಿಗಳು. ಇವಕ್ಕೆ ಸ್ವಂತ ಬಲವಿದೆ. ಅಡ್ಡಚೌಕಟ್ಟುಗಳ ಮೇಲೆ ಒಂದರ ಪಕ್ಕ ಒಂದನ್ನು ಅಂಟಿಸುತ್ತ ಹೋದರೆ ದೋಣಿಯ ಆಕಾರ ತಾನಾಗಿ ಮೂಡುತ್ತದೆ.

ತೂಕದ ಲೆಕ್ಕವನ್ನೂ ನೋಡೋಣ. ಒಡಲಿನ ವಿಸ್ತಾರ 20 ಚದರ ಮೀಟರ್, ತಿರುಳಿನ ದಪ್ಪ 12 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಘನ ಮೀಟರಿಗೆ 80 ಕಿಲೋ ತೂಗುವ ಫೋಮ್ ಆದರೆ ಸುಮಾರು 19 ಕಿಲೋ. 150 ಕಿಲೋದ ಬಾಲ್ಸಾ ಆದರೆ 36. 370 ಕಿಲೋದ ಸೀಡರ್ ಆದರೆ 89. ಬಾಲ್ಸಾದ ತೆರೆದ ಎಳೆಗಳು ಹೀರುವ ರಾಳದ ತೂಕ ಬೇರೆ.

ಅಗ್ಗವೆಂದು ಪೆಟ್ಟಿಗೆಯಲ್ಲಿ ತುಂಬುವ ಥರ್ಮೊಕೋಲನ್ನು ಬಳಸುವ ಯೋಚನೆಯೂ ಕೆಲವರಿಗೆ ಬರುವುದುಂಟು. ಪಾಲಿಯೆಸ್ಟರ್ ರಾಳ ಸೋಕಿದರೆ ಅದು ಕರಗಿಯೇ ಹೋಗುತ್ತದೆ!

ಹಾಗಾದರೆ ಯಾವುದು ಲೇಸು? ಮೊದಲ ಬಾರಿಗೆ ಉಳಿ ಹಿಡಿದವರಿಗೆ ಸೀಡರ್ ಒಳ್ಳೆಯ ಗುರು. ವೇಗವೇ ಮುಖ್ಯವೆನ್ನುವವರಿಗೆ ಫೋಮ್. ಬಾಲ್ಸಾ ಮಾತ್ರ ಶ್ರದ್ಧಾವಂತರಿಗೆ ಮೀಸಲು: ತೂತು ಕೊರೆಯುವಲ್ಲೆಲ್ಲ ಸುತ್ತಲಿನ ತಿರುಳನ್ನು ಕೆತ್ತಿ ತೆಗೆದು, ಗಟ್ಟಿ ರಾಳವನ್ನು ತುಂಬಿ, ಅನಂತರವೇ ಕೊರೆಯುವ ತಾಳ್ಮೆ ಅವರಿಗಿರಬೇಕು. ಉಳಿದೆರಡಕ್ಕೂ ಈ ನಿಯಮ ಹಿತವೇ.

ಬಣ್ಣ ಹಿಡಿಸದಿದ್ದರೆ ಮುಂದಿನ ವರ್ಷ ಬೇರೆ ಬಳಿಯಬಹುದು. ಹಾಯಿ ಹರಿದರೆ ಹೊಸದನ್ನು ಕೊಳ್ಳಬಹುದು. ತಿರುಳನ್ನು ಬದಲಿಸಬೇಕಾದರೆ ಮಾತ್ರ ದೋಣಿಯನ್ನೇ ಸೀಳಬೇಕು.