ಪಕ್ಷದ ಮಾತು, ಸ್ವಂತದ ಮಾತು

ವಿದೇಶಾಂಗ ವ್ಯವಹಾರ ಸಂವಿಧಾನದ ಏಳನೇ ಅನುಸೂಚಿಯ ಕೇಂದ್ರಪಟ್ಟಿಗೆ ಸೇರಿದ ವಿಷಯ. ಯುದ್ಧ, ಶಾಂತಿ, ಒಪ್ಪಂದ, ರಾಯಭಾರ ಎಲ್ಲವೂ ದೆಹಲಿಯ ಕೈಯಲ್ಲಿವೆ. ದೆಹಲಿಯೊಳಗೂ ಅವು ಸಂಸತ್ತಿಗಿಂತ ಹೆಚ್ಚಾಗಿ ಸಚಿವ ಸಂಪುಟದ ಹಿಡಿತದಲ್ಲಿವೆ. ಪರದೇಶದೊಂದಿಗಿನ ಒಪ್ಪಂದಕ್ಕೆ ಸಂಸತ್ತಿನ ಮೊಹರು ಬೀಳಲೇಬೇಕೆಂಬ ಸಾಮಾನ್ಯ ನಿಯಮ ಭಾರತದಲ್ಲಿಲ್ಲ. ದೇಶದ ಭೂಭಾಗವನ್ನು ಬಿಟ್ಟುಕೊಡುವ ಅಥವಾ ಹೊಸ ಕಾನೂನು ಬೇಕಾಗುವ ಸಂದರ್ಭಗಳಲ್ಲಿ ಮಾತ್ರ ಅದು ಸದನದ ಮುಂದೆ ಬರುತ್ತದೆ. 75ನೇ ವಿಧಿಯ ಪ್ರಕಾರ ಮಂತ್ರಿಮಂಡಲ ಲೋಕಸಭೆಗೆ ಸಾಮೂಹಿಕವಾಗಿ ಹೊಣೆ, ಹಾಗಾಗಿ ಒಬ್ಬ ಮಂತ್ರಿ ಒಂದು ಮಾತು, ಇನ್ನೊಬ್ಬ ಮಂತ್ರಿ ಇನ್ನೊಂದು ಮಾತು ಆಡುವಂತಿಲ್ಲ. 1985ರಲ್ಲಿ ಬಂದ ಹತ್ತನೇ ಅನುಸೂಚಿ ಸಾಮಾನ್ಯ ಸದಸ್ಯನ ಮತವನ್ನೂ ಪಕ್ಷದ ವಿಪ್‌ಗೆ ಕಟ್ಟಿಹಾಕಿತು. ಇಷ್ಟು ಇಕ್ಕಟ್ಟಿನ ಜಾಗದಲ್ಲಿ ಒಬ್ಬ ರಾಜಕಾರಣಿ ದೇಶದ ಸವಾಲುಗಳ ಬಗ್ಗೆ, ನೆರೆಯ ರಾಷ್ಟ್ರಗಳ ಬಗ್ಗೆ ಪಕ್ಷದ ಮಾತಿಗಿಂತ ಬೇರೆಯಾದ ಸ್ವಂತ ನಿಲುವು ಇಟ್ಟುಕೊಳ್ಳಬಹುದೇ, ಇಟ್ಟುಕೊಂಡರೆ ಅದರಿಂದ ದೇಶಕ್ಕೆ ಏನು ಲಾಭ ಎಂಬ ಪ್ರಶ್ನೆ ಏಳುತ್ತದೆ.

ಕರ್ನಾಟಕದ ಮಟ್ಟಿಗೆ ಈ ಪ್ರಶ್ನೆಯನ್ನು ಒರೆಗೆ ಹಚ್ಚಲು ಜಾರ್ಜ್ ಫರ್ನಾಂಡಿಸ್ ಅವರಿಗಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. 1930ರ ಜೂನ್ 3ರಂದು ಮಂಗಳೂರಿನಲ್ಲಿ ಹುಟ್ಟಿದವರು. ಹದಿನಾರನೇ ವಯಸ್ಸಿಗೆ ಪಾದ್ರಿಯಾಗುವ ತರಬೇತಿಗೆಂದು ಬೆಂಗಳೂರಿನ ಸೇಂಟ್ ಪೀಟರ್ಸ್ ಸೆಮಿನರಿ ಸೇರಿ, ಅಲ್ಲಿಂದ ಹೊರಬಿದ್ದು, ಬೊಂಬಾಯಿಯ ಕಾರ್ಮಿಕ ಚಳವಳಿಯಲ್ಲಿ ಬೆಳೆದವರು. 1967ರಲ್ಲಿ ಎಸ್.ಕೆ. ಪಾಟೀಲರನ್ನು ಸೋಲಿಸಿದ್ದು, 1974ರ ರೈಲ್ವೆ ಮುಷ್ಕರ, ತುರ್ತುಪರಿಸ್ಥಿತಿಯ ಬರೋಡಾ ಡೈನಮೈಟ್ ಮೊಕದ್ದಮೆ, 1977ರಲ್ಲಿ ಜೈಲಿನಿಂದಲೇ ಮುಜಫ್ಫರಪುರ ಗೆದ್ದಿದ್ದು ಎಲ್ಲರಿಗೂ ಗೊತ್ತು. 1984ರಲ್ಲಿ ಬೆಂಗಳೂರು ಉತ್ತರದಲ್ಲಿ ನಿಂತು ಸಿ.ಕೆ. ಜಾಫರ್ ಷರೀಫರ ಎದುರು ಸೋತದ್ದು ಮಾತ್ರ ಹೆಚ್ಚಿನವರಿಗೆ ಮರೆತಿದೆ. ತವರು ರಾಜ್ಯ ಅವರನ್ನು ದೆಹಲಿಗೆ ಕಳಿಸಲಿಲ್ಲ. ಕಳಿಸಿದ್ದು ಬೊಂಬಾಯಿ ಮತ್ತು ಬಿಹಾರ.

1998ರ ಮಾರ್ಚ್‌ನಲ್ಲಿ ಅವರು ರಕ್ಷಣಾ ಸಚಿವರಾದರು. ಮೇ ತಿಂಗಳ ಮೊದಲ ವಾರದಲ್ಲೇ ಟಿವಿ ಸಂದರ್ಶನವೊಂದರಲ್ಲಿ, ಭಾರತಕ್ಕೆ ಎದುರಾಗಬಹುದಾದ ಅಪಾಯಗಳ ಸಾಲಿನಲ್ಲಿ ಮೊದಲನೆಯದು ಪಾಕಿಸ್ತಾನವಲ್ಲ, ಚೀನಾ ಎಂದು ಹೇಳಿಬಿಟ್ಟರು. ಟಿಬೆಟ್‌ನ ವಿಮಾನ ನೆಲೆಗಳು, ಬರ್ಮಾಕ್ಕೆ ಸೇರಿದ ಕೋಕೊ ದ್ವೀಪಗಳು, ಪಾಕಿಸ್ತಾನದ ಕ್ಷಿಪಣಿಗಳಿಗೆ ಚೀನಾ ಕೊಟ್ಟ ನೆರವು ಇವನ್ನೆಲ್ಲ ಅವರು ಎತ್ತಿ ಹೇಳಿದ್ದರು. ಚೀನಾದ ಸೇನಾ ಮುಖ್ಯಸ್ಥರು ಭಾರತಕ್ಕೆ ಬಂದುಹೋದ ಬೆನ್ನಲ್ಲೇ ಈ ಮಾತು ಬಂದದ್ದರಿಂದ ಬೀಜಿಂಗ್ ಕೆರಳಿತು, ದೆಹಲಿಯ ರಾಯಭಾರಿ ವಲಯ ಮುಜುಗರಕ್ಕೀಡಾಯಿತು, ಪ್ರಧಾನಿ ಕಚೇರಿ ದೂರ ಸರಿಯಿತು. ಪತ್ರಿಕೆಗಳು ಸಚಿವರ ನಾಲಿಗೆಯ ಬಗ್ಗೆ ಬರೆದವು.

ಅದು ನಾಲಿಗೆ ಜಾರಿ ಬಂದ ಮಾತಾಗಿರಲಿಲ್ಲ. ಫರ್ನಾಂಡಿಸ್ ಲೋಹಿಯಾ ಗರಡಿಯವರು. ಟಿಬೆಟ್‌ಗೆ ಚೀನೀ ಸೇನೆ ನುಗ್ಗಿದಾಗ ಅದನ್ನು ಶಿಶುಹತ್ಯೆ ಎಂದು ಕರೆದವರು ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ. ಹಿಂದಿ-ಚೀನಿ ಭಾಯಿಭಾಯಿ ಘೋಷಣೆ ಜೋರಾಗಿದ್ದ ವರ್ಷಗಳಲ್ಲೂ ಸಮಾಜವಾದಿಗಳ ಒಂದು ಬಣ ಈ ಮಾತನ್ನು ಬಿಡಲಿಲ್ಲ. ಮಂತ್ರಿಯಾದ ಮೇಲೂ ಫರ್ನಾಂಡಿಸರ ದೆಹಲಿಯ ಬಂಗಲೆ ಟಿಬೆಟ್ ಮತ್ತು ಬರ್ಮಾದ ಪ್ರಜಾಪ್ರಭುತ್ವ ಹೋರಾಟಗಾರರಿಗೆ ಆಸರೆಯಾಗಿತ್ತು. ಬೈಲಕುಪ್ಪೆ, ಮುಂಡಗೋಡದ ಟಿಬೆಟನ್ ನೆಲೆಗಳನ್ನು ಕಂಡಿರುವ ಕನ್ನಡಿಗರಿಗೆ ಇದು ದೂರದ ವಿಷಯವಲ್ಲ. ಒಟ್ಟಿನಲ್ಲಿ ಆ ನಿಲುವಿನ ಹಿಂದೆ ದಶಕಗಳ ಓದು, ಒಡನಾಟ, ಚಳವಳಿ ಇತ್ತು. ಒಬ್ಬನ ಮಾತು ಸ್ವತಂತ್ರವೋ ಬರೀ ಉಡಾಫೆಯೋ ಎಂದು ತಿಳಿಯಲು ಮೊದಲು ನೋಡಬೇಕಾದ್ದು ಇದನ್ನೇ: ಅಧಿಕಾರ ಸಿಗುವ ಮೊದಲೂ ಆತ ಅದೇ ಮಾತನ್ನು ಆಡುತ್ತಿದ್ದನೇ?

ಮುಂದೆ ನಡೆದದ್ದು ಇನ್ನೂ ಸ್ವಾರಸ್ಯಕರ. ಮೇ 11 ಮತ್ತು 13ರಂದು ಪೋಖ್ರಾನ್‌ನಲ್ಲಿ ಅಣು ಪರೀಕ್ಷೆಗಳಾದವು. ಪ್ರಧಾನಿ ವಾಜಪೇಯಿ ಅಮೆರಿಕದ ಅಧ್ಯಕ್ಷ ಕ್ಲಿಂಟನ್‌ಗೆ ಬರೆದ ಪತ್ರ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಪ್ರಕಟವಾದಾಗ ಪರೀಕ್ಷೆಗೆ ಕೊಟ್ಟ ಕಾರಣ ಬಯಲಾಯಿತು: ಗಡಿಯಲ್ಲೇ ಒಂದು ಅಣ್ವಸ್ತ್ರ ರಾಷ್ಟ್ರವಿದೆ, 1962ರಲ್ಲಿ ಅದು ಭಾರತದ ಮೇಲೆ ದಂಡೆತ್ತಿ ಬಂದಿತ್ತು. ಚೀನಾದ ಹೆಸರು ಹೇಳಿರಲಿಲ್ಲ, ಅಷ್ಟೇ. ವಾರದ ಹಿಂದೆ ರಕ್ಷಣಾ ಸಚಿವರ ಸ್ವಂತ ಅಭಿಪ್ರಾಯ ಎನಿಸಿಕೊಂಡದ್ದು ಈಗ ಸರ್ಕಾರದ ವಾದವಾಗಿತ್ತು. ಬಹುಕಾಲ ಅಣ್ವಸ್ತ್ರ ವಿರೋಧಿಯಾಗಿದ್ದ ಫರ್ನಾಂಡಿಸ್ ಪರೀಕ್ಷೆಯನ್ನು ಸಮರ್ಥಿಸಿಕೊಂಡದ್ದು ಈ ಕತೆಯ ಇನ್ನೊಂದು ಮುಖ. ಅವರ ಹಳೆಯ ಗೆಳೆಯರು ಇದನ್ನು ಕ್ಷಮಿಸಲಿಲ್ಲ. 

2003ರ ಏಪ್ರಿಲ್‌ನಲ್ಲಿ, ಸಾರ್ಸ್ ಭೀತಿಯಿಂದ ಇತರರು ಚೀನಾ ಪ್ರವಾಸ ರದ್ದುಮಾಡುತ್ತಿದ್ದಾಗ, ಇದೇ ಫರ್ನಾಂಡಿಸ್ ಬೀಜಿಂಗ್‌ಗೆ ಹೋದರು. ಎರಡು ತಿಂಗಳ ನಂತರ ವಾಜಪೇಯಿ ಹೋದರು. ಚೀನಾವನ್ನು ಬಾಯಿತುಂಬ ಟೀಕಿಸಿದವರೇ ಅದರೊಂದಿಗೆ ಮಾತಿಗೆ ಕೂತದ್ದನ್ನು ಹಿಂದೇಟು ಎಂದವರುಂಟು. ಹಾಗೆ ನೋಡಬೇಕಿಲ್ಲ. ಎದುರಾಳಿಯ ಬಗ್ಗೆ ಭ್ರಮೆ ಇಲ್ಲದವನು ಮಾತುಕತೆಗೆ ಹೋದರೆ ಮನೆಯವರು ಮಾರಾಟದ ಆರೋಪ ಹೊರಿಸುವುದು ಕಷ್ಟ.

ಸಾಮೂಹಿಕ ಹೊಣೆಯ ದೃಷ್ಟಿಯಿಂದ ನೋಡಿದರೆ 1998ರ ಸಂದರ್ಶನ ತಪ್ಪೇ. ಸಂಪುಟದಲ್ಲಿ ಹೇಳಬೇಕಾದದ್ದನ್ನು ಕ್ಯಾಮೆರಾ ಮುಂದೆ ಹೇಳಿದರೆ ವಿಷಯ ಸರಿಯಿದ್ದರೂ ವೇದಿಕೆ ತಪ್ಪುತ್ತದೆ. ಪರದೇಶಗಳ ಎದುರು ದೇಶ ಒಂದೇ ದನಿಯಲ್ಲಿ ಮಾತಾಡಬೇಕು ಎಂಬ ವಾದಕ್ಕೆ ಹುರುಳಿದೆ. ವಿದೇಶಾಂಗ ಸಚಿವರಾಗಿದ್ದ ಎಸ್.ಎಂ. ಕೃಷ್ಣ 2010ರ ಜುಲೈನಲ್ಲಿ ಇಸ್ಲಾಮಾಬಾದ್‌ಗೆ ಹೋಗುವ ಹೊತ್ತಿಗೆ ಸರಿಯಾಗಿ, ಮುಂಬೈ ದಾಳಿಯ ಹಿಂದೆ ಐಎಸ್‌ಐ ಇತ್ತೆಂಬ ಗೃಹ ಕಾರ್ಯದರ್ಶಿಯ ಹೇಳಿಕೆ ಪತ್ರಿಕೆಯಲ್ಲಿ ಬಂತು. ಹೇಳಿಕೆಯ ಸತ್ಯಾಸತ್ಯ ಬೇರೆ ಮಾತು. ಕೃಷ್ಣ ಅವರ ಪಕ್ಕದಲ್ಲೇ ಕೂತ ಪಾಕಿಸ್ತಾನದ ಸಚಿವ ಖುರೇಷಿ ಅದನ್ನೇ ಹಿಡಿದು ಜಗ್ಗಿದರು, ಮಾತುಕತೆ ಹಳ್ಳ ಹಿಡಿಯಿತು. ಸಮಯ ಸರಿಯಿರಲಿಲ್ಲ ಎಂದು ಕೃಷ್ಣ ಆಮೇಲೆ ಹೇಳಿದರು. ಆದರೂ ಒಂದೇ ದನಿಯ ವಾದವನ್ನು ತುದಿಗೆ ಒಯ್ದರೆ ಆ ದನಿ ತಪ್ಪಿದ್ದಾಗ ತಿದ್ದುವವರೇ ಇಲ್ಲವಾಗುತ್ತಾರೆ. 1962ಕ್ಕೆ ಮುಂಚಿನ ಭಾರತದಲ್ಲಿ ಆದದ್ದು ಹೆಚ್ಚು ಕಡಿಮೆ ಇದೇ.

ಸದ್ದಿಲ್ಲದೆ ಸ್ವತಂತ್ರವಾಗಿ ನಡೆದುಕೊಂಡ ಕನ್ನಡಿಗರೂ ಇದ್ದಾರೆ. ಎಚ್.ಡಿ. ದೇವೇಗೌಡರು 1996ರ ಜೂನ್ 1ರಂದು ಪ್ರಧಾನಿಯಾದಾಗ, ನೀರಾವರಿ ಮತ್ತು ರಾಗಿಮುದ್ದೆ ಬಿಟ್ಟರೆ ಅವರಿಗೇನು ಗೊತ್ತು ಎಂಬ ಧಾಟಿಯಲ್ಲಿ ದೆಹಲಿಯ ಇಂಗ್ಲಿಷ್ ಬಲ್ಲವರು ಮಾತಾಡಿಕೊಂಡರು. ನೀರಾವರಿಯೇ ಕೆಲಸಕ್ಕೆ ಬಂತು. ಫರಕ್ಕಾ ಬ್ಯಾರೇಜಿನ ಗಂಗಾ ನೀರಿನ ಹಂಚಿಕೆ ಬಾಂಗ್ಲಾದೇಶದೊಂದಿಗೆ ವರ್ಷಗಟ್ಟಲೆ ಕಗ್ಗಂಟಾಗಿತ್ತು. 1996ರ ಡಿಸೆಂಬರ್ 12ರಂದು ದೇವೇಗೌಡ ಮತ್ತು ಶೇಖ್ ಹಸೀನಾ 30 ವರ್ಷಗಳ ಒಪ್ಪಂದಕ್ಕೆ ಸಹಿ ಹಾಕಿದರು. ವಿದೇಶಾಂಗ ಸಚಿವ ಐ.ಕೆ. ಗುಜ್ರಾಲ್ ಅವರ ಪಾತ್ರ ದೊಡ್ಡದು, ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರ ಸಹಕಾರ ಅದಕ್ಕಿಂತ ಕಡಿಮೆಯದಲ್ಲ. 2011ರಲ್ಲಿ ಮಮತಾ ಬ್ಯಾನರ್ಜಿ ಒಪ್ಪದ್ದರಿಂದ ತೀಸ್ತಾ ಒಪ್ಪಂದ ಕೈಬಿಟ್ಟುಹೋದದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ರಾಜ್ಯದ ನಾಯಕನೊಬ್ಬನ ಸ್ವಂತ ನಿಲುವು ವಿದೇಶಾಂಗ ನೀತಿಯನ್ನು ಮಾಡಲೂಬಹುದು, ಮುರಿಯಲೂಬಹುದು ಎಂಬುದು ಗೊತ್ತಾಗುತ್ತದೆ. ಕಾವೇರಿ ನೀರಿಗಾಗಿ ಕಾದಾಡುವ ನಾಡಿನಿಂದ ಬಂದ ಪ್ರಧಾನಿ ಕೆಳಪಾತ್ರದ ದೇಶಕ್ಕೆ ನೀರಿನ ಭರವಸೆ ಕೊಟ್ಟದ್ದಂತೂ ಗಮನಿಸಬೇಕಾದ ಸಂಗತಿ.

ಅದೇ ಸರ್ಕಾರ ಸಮಗ್ರ ಅಣು ಪರೀಕ್ಷಾ ನಿಷೇಧ ಒಪ್ಪಂದಕ್ಕೆ ಜಿನೀವಾದಲ್ಲಿ ಒಪ್ಪಿಗೆ ಕೊಡಲಿಲ್ಲ. ಹದಿಮೂರು ಪಕ್ಷಗಳ ಊರುಗೋಲಿನ ಮೇಲೆ ನಿಂತ ಸರ್ಕಾರ ದೊಡ್ಡ ರಾಷ್ಟ್ರಗಳ ಒತ್ತಡಕ್ಕೆ ಬಾಗಲಿಲ್ಲ. 1996ರ ನವೆಂಬರ್ ಕೊನೆಯಲ್ಲಿ ಚೀನಾದ ಅಧ್ಯಕ್ಷ ಜಿಯಾಂಗ್ ಜೆಮಿನ್ ಬಂದಾಗ ಆದ ಇನ್ನೊಂದು ಒಪ್ಪಂದ, ವಾಸ್ತವ ನಿಯಂತ್ರಣ ರೇಖೆಯಿಂದ ಎರಡು ಕಿಲೋಮೀಟರ್ ಒಳಗೆ ಯಾರೂ ಗುಂಡು ಹಾರಿಸಬಾರದು ಎಂದು ಹೇಳಿತು. 2020ರ ಜೂನ್ 15ರ ರಾತ್ರಿ ಗಲ್ವಾನ್‌ನಲ್ಲಿ ಭಾರತದ 20 ಯೋಧರು ಬಂದೂಕಿನ ಗುಂಡಿಲ್ಲದ ಕಾದಾಟದಲ್ಲಿ ಮಡಿದಾಗ ದೇಶಕ್ಕೆ ನೆನಪಾದದ್ದು ಈ ಷರತ್ತು.

ಆ ರಾತ್ರಿಯ ಫಲ ಬೊಮ್ಮಸಂದ್ರದವರೆಗೂ ಬಂತು. ಹೊಸೂರು ರಸ್ತೆಯ ಈ ಕೈಗಾರಿಕಾ ಪ್ರದೇಶಕ್ಕೆ ಆರ್.ವಿ. ರಸ್ತೆಯಿಂದ ಹಾಕಿದ ಹಳದಿ ಮಾರ್ಗವೂ ಸೇರಿದಂತೆ ಬೆಂಗಳೂರಿನ ಮೆಟ್ರೊಗೆ 216 ಬೋಗಿಗಳನ್ನು ಪೂರೈಸುವ ಗುತ್ತಿಗೆಯನ್ನು 2019ರಲ್ಲಿ ಪಡೆದದ್ದು ಚೀನಾದ ಸಿಆರ್‌ಆರ್‌ಸಿ ಕಂಪನಿ. 2020ರ ಏಪ್ರಿಲ್‌ನಲ್ಲಿ ಗಡಿ ಹಂಚಿಕೊಂಡ ದೇಶಗಳ ಹೂಡಿಕೆಗೆ ಸರ್ಕಾರದ ಅನುಮತಿ ಕಡ್ಡಾಯವಾಯಿತು. ಗಲ್ವಾನ್ ಆದ ಮೇಲೆ ಸರ್ಕಾರಿ ಖರೀದಿಯ ನಿಯಮಗಳೂ ಬಿಗಿಯಾದವು, ಚೀನೀ ಎಂಜಿನಿಯರುಗಳ ವೀಸಾ ಸಿಕ್ಕಿಹಾಕಿಕೊಂಡಿತು. ಕಂಬಗಳು, ಹಳಿ, ನಿಲ್ದಾಣ ಎದ್ದು ನಿಂತರೂ ಓಡಲು ರೈಲಿರಲಿಲ್ಲ. ಕೊನೆಗೆ ಬೋಗಿಗಳನ್ನು ಕೋಲ್ಕತ್ತಾ ಬಳಿಯ ಟಿಟಾಗಢ ಕಂಪನಿಯಲ್ಲಿ ಕಟ್ಟುವ ಏರ್ಪಾಡಾಯಿತು. ಚೀನಾದಲ್ಲಿ ತಯಾರಾದ ಮೊದಲ ರೈಲು ಚೆನ್ನೈ ಬಂದರಿನ ಮೂಲಕ ಹೆಬ್ಬಗೋಡಿ ಡಿಪೋ ತಲುಪಿದ್ದು 2024ರ ಫೆಬ್ರವರಿಯಲ್ಲಿ. 2025ರ ಆಗಸ್ಟ್ 10ರಂದು ಉದ್ಘಾಟನೆಯಾದಾಗ ಇದ್ದದ್ದು ಮೂರೇ ರೈಲು, ಒಂದು ಹೋದರೆ ಇನ್ನೊಂದಕ್ಕೆ 25 ನಿಮಿಷ ಕಾಯಬೇಕಿತ್ತು. ಮಾರ್ಗದ ಕೊನೆಯ ನಿಲ್ದಾಣದ ಫಲಕದಲ್ಲಿರುವುದು ಡೆಲ್ಟಾ ಎಲೆಕ್ಟ್ರಾನಿಕ್ಸ್ ಬೊಮ್ಮಸಂದ್ರ ಎಂಬ ಹೆಸರು. ಡೆಲ್ಟಾ ತೈವಾನ್ ಮೂಲದ ಕಂಪನಿ. ಚೀನಾದ ರೈಲು ತೈವಾನಿನ ಹೆಸರಿನ ನಿಲ್ದಾಣದಲ್ಲಿ ಬಾಗಿಲು ತೆರೆಯುತ್ತದೆ, ಶಿಫ್ಟ್ ಮುಗಿಸಿದವರು ಹತ್ತಿ ಮನೆಗೆ ಹೋಗುತ್ತಾರೆ.

ಫರ್ನಾಂಡಿಸರ ನಿಲುವಿನ ಕೊರತೆ ಇಲ್ಲಿ ಕಾಣುತ್ತದೆ. ಅವರು ಚೀನಾವನ್ನು ಗಡಿಯಲ್ಲಿ, ಕ್ಷಿಪಣಿಯಲ್ಲಿ, ಟಿಬೆಟ್‌ನಲ್ಲಿ ಕಂಡರು. 1998ರಲ್ಲಿ ಎರಡು ದೇಶಗಳ ವ್ಯಾಪಾರ ವರ್ಷಕ್ಕೆ ಸುಮಾರು 200 ಕೋಟಿ ಡಾಲರ್ ಮಾತ್ರ. 2024-25ಕ್ಕೆ ಚೀನಾದೊಂದಿಗಿನ ವ್ಯಾಪಾರ ಕೊರತೆಯೇ ಸುಮಾರು 9,900 ಕೋಟಿ ಡಾಲರ್ ಮುಟ್ಟಿತು. ಔಷಧಿಯ ಮೂಲವಸ್ತು, ಎಲೆಕ್ಟ್ರಾನಿಕ್ ಬಿಡಿಭಾಗ, ಮೋಟರಿಗೆ ಬೇಕಾದ ಅಯಸ್ಕಾಂತ ಅಲ್ಲಿಂದ ಬರುತ್ತವೆ. 2025ರ ಏಪ್ರಿಲ್‌ನಲ್ಲಿ ಚೀನಾ ವಿರಳ ಭಸ್ಮ ಲೋಹಗಳ ರಫ್ತನ್ನು ಬಿಗಿಗೊಳಿಸಿದಾಗ ಭಾರತದ ಎಲೆಕ್ಟ್ರಿಕ್ ಸ್ಕೂಟರ್ ತಯಾರಕರು ಪರದಾಡಿದರು. ವಿಚಿತ್ರವೆಂದರೆ ಪರದೇಶದ ಬಂಡವಾಳದ ಬಗ್ಗೆ ಅನುಮಾನ ಇಟ್ಟುಕೊಂಡಿದ್ದ ಮಂತ್ರಿಯೂ ಇದೇ ಫರ್ನಾಂಡಿಸ್: 1977ರಲ್ಲಿ ಕೈಗಾರಿಕಾ ಸಚಿವರಾಗಿ ಕೋಕಾ-ಕೋಲಾ, ಐಬಿಎಂ ಕಂಪನಿಗಳಿಗೆ ವಿದೇಶಿ ವಿನಿಮಯ ಕಾಯ್ದೆಯ ಷರತ್ತು ಪಾಲಿಸಿ ಎಂದರು, ಅವು ಗಂಟುಮೂಟೆ ಕಟ್ಟಿದವು. ಐಬಿಎಂ 1990ರ ದಶಕದಲ್ಲಿ ಮರಳಿ ಬಂದು ಬೆಂಗಳೂರಿನಲ್ಲೇ ಬೇರೂರಿತು. ಅಮೆರಿಕದ ಪಾನೀಯದಲ್ಲಿ ಕಂಡ ಅಪಾಯವನ್ನು ಚೀನಾದ ಕಾರ್ಖಾನೆಯಲ್ಲಿ ಯಾರೂ ಸಕಾಲದಲ್ಲಿ ಕಾಣಲಿಲ್ಲ.

ಒಬ್ಬ ವ್ಯಕ್ತಿಯ ದೂರದೃಷ್ಟಿಗೆ ಇರುವ ಈ ಮಿತಿಯನ್ನು ಸಂಸ್ಥೆಗಳು ತುಂಬಬೇಕು. ಅಂಥ ಸಂಸ್ಥೆ ಇಲ್ಲದಿಲ್ಲ. 1993ರಲ್ಲಿ ಇಲಾಖಾವಾರು ಸ್ಥಾಯಿ ಸಮಿತಿಗಳು ರೂಪುಗೊಂಡಾಗಿನಿಂದ ವಿದೇಶಾಂಗ ವ್ಯವಹಾರಕ್ಕೂ ಒಂದು ಸಮಿತಿಯಿದೆ. ಬೇರೆ ಬೇರೆ ಪಕ್ಷದವರು ಅದರಲ್ಲಿ ಕೂರುತ್ತಾರೆ, ಬಾಗಿಲು ಮುಚ್ಚಿ ನಡೆಯುವ ಸಭೆಗಳಲ್ಲಿ ಅಧಿಕಾರಿಗಳನ್ನು ಪ್ರಶ್ನಿಸುತ್ತಾರೆ. ಅಲ್ಲಿ ವಿಪ್ ಇಲ್ಲ, ಕ್ಯಾಮೆರಾ ಇಲ್ಲ. ಸ್ವತಂತ್ರ ಅಭಿಪ್ರಾಯಕ್ಕೆ ಭಾರತದಲ್ಲಿ ಇದಕ್ಕಿಂತ ಹೇಳಿಮಾಡಿಸಿದ ಜಾಗವಿಲ್ಲ. ಆದರೆ ಸಮಿತಿಯ ಶಿಫಾರಸು ಸರ್ಕಾರವನ್ನು ಕಟ್ಟಿಹಾಕುವುದಿಲ್ಲ. ಸದನದ ಪರಿಸ್ಥಿತಿ ಇದಕ್ಕಿಂತ ಬಡವಾಗಿದೆ: 2020ರ ಸೆಪ್ಟೆಂಬರ್‌ನಲ್ಲಿ ಲಡಾಖ್ ಬಗ್ಗೆ ರಕ್ಷಣಾ ಸಚಿವರು ಲೋಕಸಭೆಯಲ್ಲಿ ಹೇಳಿಕೆ ಕೊಟ್ಟರು, ವಿರೋಧ ಪಕ್ಷಗಳು ಕೇಳಿದ ಚರ್ಚೆ ಆಗಲಿಲ್ಲ. ಹೂಡಿಕೆಯ ನಿರ್ಬಂಧ, ಖರೀದಿಯ ನಿಯಮ, ವೀಸಾದ ತಡೆ ಮತ್ತು ಆಮೇಲಿನ ಸಡಿಲಿಕೆ ಎಲ್ಲವೂ ಆಡಳಿತದ ಆದೇಶಗಳ ಮೂಲಕ ಬಂದವು. ಗಂಗಾ ಒಪ್ಪಂದದ 30 ವರ್ಷ 2026ರ ಡಿಸೆಂಬರ್‌ಗೆ ತುಂಬುತ್ತದೆ. ಅದನ್ನು ಮುಂದುವರಿಸುವುದೋ, ಯಾವ ಷರತ್ತಿನ ಮೇಲೆ ಎಂಬುದೋ ಮತ್ತೆ ಸಂಪುಟದ ತೀರ್ಮಾನಕ್ಕೆ ಬಿಟ್ಟದ್ದು.