ಮನೆ ಕೊಟ್ಟವನು ಕೋಡಂಗಿಯೇ?

ಕಳೆದ ತಿಂಗಳು ನಮ್ಮ ಸಂಘದ ವಾರ್ಷಿಕೋತ್ಸವದಲ್ಲಿ ನಾಟಕ ಮುಗಿದು, ಉಪ್ಪಿಟ್ಟು-ಕಾಫಿಯ ಸರದಿಯಲ್ಲಿ ನಿಂತಿದ್ದಾಗ ಹಿರಿಯರೊಬ್ಬರು ತಮ್ಮ ಮನೆಯ ಪುರಾಣ ಬಿಚ್ಚಿದರು. ಅವರಿಗೆ ಠಾಣೆಯಲ್ಲೊಂದು ಎರಡನೆಯ ಫ್ಲ್ಯಾಟಿದೆ. ಬಾಡಿಗೆಗಿದ್ದವನು ಎರಡು ತಿಂಗಳ ವಿದ್ಯುತ್ ಬಿಲ್ಲು ಬಾಕಿ ಬಿಟ್ಟು, ಗೋಡೆ ತುಂಬ ಮೊಳೆ ಹೊಡೆದು ಹೊರಟುಹೋದನಂತೆ. "ಇನ್ನು ಬೀಗ ಹಾಕಿ ಇಟ್ಟೇನೇ ಹೊರತು ನರಪಿಳ್ಳೆಗೂ ಕೊಡುವವನಲ್ಲ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ!" ಎಂದು ಅವರು ತೀರ್ಪು ಕೊಟ್ಟರು. ಸುತ್ತ ನಿಂತವರೆಲ್ಲ ತಲೆದೂಗಿದರು. ನಾನೂ ತಲೆದೂಗಿದೆ. ಮನೆಗೆ ಬಂದ ಮೇಲೆ ಹಾಗೆ ತಲೆದೂಗಿದ್ದಕ್ಕೆ ನಾಚಿಕೆಯಾಯಿತು. ಈ ಲೇಖನ ಅದರ ಪ್ರಾಯಶ್ಚಿತ್ತವೆಂದು ವಾಚಕರು ತಿಳಿಯಬೇಕು.

ನಾನೂ ಒಬ್ಬ ಚಿಲ್ಲರೆ ಮಾಲಿಕ. ನಿವೃತ್ತಿಯಾದಾಗ ಬಂದ ಪ್ರಾವಿಡೆಂಟ್ ಫಂಡಿನ ಹಣಕ್ಕೆ ಇನ್ನಷ್ಟು ಸೇರಿಸಿ 2014ರಲ್ಲಿ ಡೊಂಬಿವಲಿಯಲ್ಲಿ ಒಂದು ಒನ್ ರೂಮ್ ಕಿಚನ್ ಕೊಂಡವನು. ನಮ್ಮಂಥವರು ಈ ನಗರದಲ್ಲಿ ಬಹಳ ಮಂದಿ ಇದ್ದಾರೆ. ಆ ಬಾಡಿಗೆಯೇ ನಮ್ಮ ಪೆನ್ಶನ್. ಅದು ಎರಡು ತಿಂಗಳು ನಿಂತರೆ ಔಷಧದ ಅಂಗಡಿಯಲ್ಲಿ ಸಾಲ ಹೇಳಬೇಕಾಗುತ್ತದೆ. ಆದುದರಿಂದ ಮಾಲಿಕರೆಲ್ಲ ರಾಕ್ಷಸರು, ಬಾಡಿಗೆದಾರರೆಲ್ಲ ಸಾಧುಗಳು ಎಂಬ ಹಾಡನ್ನು ನಾನು ಹಾಡುವವನಲ್ಲ. ನನ್ನ ದೂರು ಬೇರೆ. ನಮ್ಮ ಕಷ್ಟಗಳಲ್ಲಿ ಮುಕ್ಕಾಲು ಪಾಲನ್ನು ನಾವೇ ಮಾಡಿಕೊಳ್ಳುತ್ತೇವೆ. ಮಾಡಿಕೊಂಡ ಮೇಲೆ ಬಾಡಿಗೆದಾರನ ಜಾತಿ, ಕಾನೂನು, ಕಲಿಗಾಲ ಇವುಗಳ ಮೇಲೆ ಹಾಕುತ್ತೇವೆ.

ನನ್ನ ಕಥೆಯನ್ನೇ ಮೊದಲು ಹೇಳುತ್ತೇನೆ. 2015ರಲ್ಲಿ ನಮ್ಮ ತಾಲೂಕಿನವರೇ ಆದ ಒಂದು ಸಂಸಾರಕ್ಕೆ ಮನೆ ಕೊಟ್ಟೆ. ಡಿಪಾಜಿಟ್ 50,000 ರೂಪಾಯಿ, ತಿಂಗಳ ಬಾಡಿಗೆ 9,000. ಕಾಗದ ಪತ್ರ ಏನೂ ಇಲ್ಲ. "ನಮ್ಮೂರಿನವರ ಹತ್ತಿರ ಕಾಗದ ಕೇಳುವುದೇ?" ಎಂಬ ದೊಡ್ಡಸ್ತಿಕೆ ಒಂದು ಕಡೆ, ರಿಜಿಸ್ಟ್ರೇಶನ್ ಖರ್ಚು ಉಳಿಯಿತೆಂಬ ಸಣ್ಣತನ ಇನ್ನೊಂದು ಕಡೆ. ಹದಿನಾಲ್ಕು ತಿಂಗಳು ಎಲ್ಲ ಸರಿಯಾಗಿತ್ತು. ಆಮೇಲೆ ಆತ ದುಡಿಯುತ್ತಿದ್ದ ಕಾರ್ಖಾನೆ ಮುಚ್ಚಿ ಬಾಡಿಗೆ ನಿಂತಿತು. ದಾಕ್ಷಿಣ್ಯದಿಂದ ಐದು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ. ಆರನೆಯ ತಿಂಗಳು ದಾಕ್ಷಿಣ್ಯವೆಲ್ಲ ಕೋಪವಾಗಿ ತಿರುಗಿತು. ಪ್ಲಂಬರನನ್ನು ಕರೆಸಿ ಮನೆಯ ನೀರಿನ ಕೊಳಾಯಿ ಬಂದ್ ಮಾಡಿಸಿದೆ.

ಮೂರನೆಯ ದಿನ ನೋಡಲು ಹೋದೆ. ಆ ಹೆಂಗಸು ಕೆಳಗಿನಿಂದ ಮೂರನೆಯ ಮಾಳಿಗೆಗೆ ಬಕೆಟ್ಟಿನಲ್ಲಿ ನೀರು ಹೊರುತ್ತಿದ್ದರು. ಶಾಲೆಯ ಯೂನಿಫಾರ್ಮಿನಲ್ಲಿದ್ದ ಹುಡುಗ ಹಿಂದೆ ಒಂದು ಕೊಡ ಹಿಡಿದಿದ್ದ. ಆಕೆ ಜಗಳವಾಡಲಿಲ್ಲ. "ಅಣ್ಣ, ಬಾಡಿಗೆ ನಾವು ಕೊಡಬೇಕಾದದ್ದು ಹೌದು. ನೀರು ನಿಮ್ಮದಲ್ಲವಲ್ಲ" ಎಂದರು, ಅಷ್ಟೆ. ನಾನು ಮೆಟ್ಟಿಲಿಳಿದು ಸೀದಾ ಪರಿಚಯದ ವಕೀಲರ ಬಳಿ ಹೋದೆ, ಅವರನ್ನು ಹೊರಗೆ ಹಾಕುವ ದಾರಿ ಕೇಳಲು. ವಕೀಲರು ಎಲ್ಲ ಕೇಳಿ, "ಸ್ವಾಮಿ, ಈ ಪ್ರಕರಣದಲ್ಲಿ ಮೊದಲು ಕಟಕಟೆ ಹತ್ತಬೇಕಾದವರು ನೀವು" ಎಂದರು.

ಅವರು ತಿಳಿಸಿದ್ದನ್ನು ವಾಚಕರಿಗೂ ತಿಳಿಸುತ್ತೇನೆ. ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆ, 1999, ಜಾರಿಗೆ ಬಂದದ್ದು 2000ದ ಮಾರ್ಚ್ 31ರಂದು. ಅದರ 55ನೆಯ ಕಲಮಿನ ಪ್ರಕಾರ ಲೀವ್ ಅಂಡ್ ಲೈಸೆನ್ಸ್ ಆಗಲಿ, ಬಾಡಿಗೆಯಾಗಲಿ, ಕರಾರು ಲಿಖಿತವಾಗಿರಬೇಕು, ನೋಂದಣಿಯಾಗಿರಬೇಕು. ನೋಂದಾಯಿಸುವ ಹೊಣೆ ಮಾಲಿಕನದು. ತಪ್ಪಿದರೆ ಮೂರು ತಿಂಗಳವರೆಗೆ ಸೆರೆ, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿದೆ. ನೋಂದಾಯಿಸಿದ ಕಾಗದ ಇಲ್ಲದಿದ್ದರೆ, ಯಾವ ಷರತ್ತಿನ ಮೇಲೆ ಮನೆ ಕೊಟ್ಟದ್ದೆಂಬ ವಿಷಯದಲ್ಲಿ ಬಾಡಿಗೆದಾರನ ಮಾತೇ ನಡೆಯುತ್ತದೆ. ಅದು ಸುಳ್ಳೆಂದು ಸಾಬೀತು ಮಾಡುವ ಭಾರ ನಮ್ಮ ಮೇಲೆ. ಬಾಡಿಗೆದಾರನ ನೀರು-ದೀಪಗಳನ್ನು ಸರಿಯಾದ ಕಾರಣವಿಲ್ಲದೆ ಕಡಿಯಬಾರದೆಂದು 29ನೆಯ ಕಲಮು ಹೇಳುತ್ತದೆ. ಅಂದರೆ ಬಾಡಿಗೆ ಕೊಡದವನು ಸಾಲಗಾರ. ನೀರು ನಿಲ್ಲಿಸಿದ ನಾನು ಅಪರಾಧಿ.

ಅದೇ ಸಂಜೆ ಕೊಳಾಯಿ ತೆರೆಸಿದೆ. ಮರುದಿನ ಅವರ ಮನೆಯಲ್ಲೇ ಚಾಪೆ ಹಾಕಿಕೊಂಡು ಕುಳಿತು ಲೆಕ್ಕ ಮಾಡಿದೆವು. ಬೇರೆ ಖೋಲಿ ಹುಡುಕಲು ಎರಡು ತಿಂಗಳ ಅವಧಿ. ಒಟ್ಟು ಏಳು ತಿಂಗಳ ಬಾಕಿ 63,000. ಡಿಪಾಜಿಟ್ ಮುರಿದುಕೊಂಡ ಮೇಲೆ ಉಳಿದದ್ದು 13,000. ಅದು ಹೋದಂತೆಯೇ ಎಂದು ನಾನು ಮನಸ್ಸಿನಲ್ಲಿ ಬರೆದು ಹಾಕಿದ್ದೆ. ತಿಂಗಳಿಗೆ ಒಂದು ಸಾವಿರದಂತೆ ಹದಿಮೂರು ತಿಂಗಳು, ಒಂದು ತಿಂಗಳೂ ತಪ್ಪದೆ ಬಂತು. ನಾನು ನೀರು ಕಡಿದದ್ದು ಇಂಥವರಿಗೆ.

ಇನ್ನು ನಮ್ಮ ಭಯದ ವಿಚಾರ. ಅದು ಹುಟ್ಟಿದ್ದು ಸುಮ್ಮನೆ ಅಲ್ಲ. 1947ರ ಮುಂಬಯಿ ಬಾಡಿಗೆ ಕಾಯಿದೆ ಹಳೆಯ ಮನೆಗಳ ಬಾಡಿಗೆಯನ್ನು 1940ರ ಸೆಪ್ಟೆಂಬರ್ 1ರ ದರಕ್ಕೆ ಕಟ್ಟಿಹಾಕಿತು. ದಶಕಗಳು ಕಳೆದರೂ ಗಂಟು ಬಿಚ್ಚಲಿಲ್ಲ. ಬಾಡಿಗೆ ಬಾರದ ಮಾಲಿಕ ರಿಪೇರಿ ಮಾಡಿಸಲಿಲ್ಲ, ಚಾಳುಗಳು ಕುಸಿದವು, ಮೇಜಿನ ಕೆಳಗಿನ ಪಗಡಿಯೇ ನಿಜವಾದ ಬಾಡಿಗೆಯಾಯಿತು. ಈ ಅನ್ಯಾಯವನ್ನು ಸುಪ್ರೀಂ ಕೋರ್ಟಿನವರೆಗೆ ಒಯ್ದ ಪ್ರಸಿದ್ಧ ಮೊಕದ್ದಮೆಯ ಹೆಸರಿನಲ್ಲೇ ನಮ್ಮ ಕರಾವಳಿಯ ಊರೊಂದಿದೆ: ಮಲ್ಪೆ ವಿಶ್ವನಾಥ ಆಚಾರ್ಯ ಮತ್ತು ಮಹಾರಾಷ್ಟ್ರ ಸರಕಾರದ ನಡುವಿನದು. ಬಾಡಿಗೆಯನ್ನು ಹಾಗೆ ಹೆಪ್ಪುಗಟ್ಟಿಸಿದ್ದು ಕಾಲ ಕಳೆದಂತೆ ನ್ಯಾಯಸಮ್ಮತವಾಗಿ ಉಳಿದಿಲ್ಲವೆಂದು 1997ರ ಡಿಸೆಂಬರಿನಲ್ಲಿ ನ್ಯಾಯಾಲಯ ಹೇಳಿತು. ಇದರ ನಡುವೆ 1973ರ ತಿದ್ದುಪಡಿ ಬೇರೆ ಬಂದಿತ್ತು. ಆ ವರ್ಷದ ಫೆಬ್ರುವರಿ 1ರಂದು ಲೈಸೆನ್ಸಿನ ಮೇಲೆ ಮನೆಯಲ್ಲಿದ್ದವರು ಒಂದೇ ದಿನದಲ್ಲಿ ಕಾಯಂ ಬಾಡಿಗೆದಾರರ ರಕ್ಷಣೆ ಪಡೆದರು. "ಕೊಟ್ಟರೆ ಮನೆ ಹೋಯಿತು" ಎಂಬ ಮಾತು ನಮ್ಮ ಹಿರಿಯರ ಎದೆಗಿಳಿದದ್ದು ಆಗ.

ಆ ಭಯ ಆ ಕಾಲಕ್ಕೆ ಸರಿ. ಆದರೆ 2000ದ ನಂತರವೂ ಅದನ್ನೇ ಮಂತ್ರದಂತೆ ಜಪಿಸುವುದು ಅಜ್ಞಾನ. ಹೊಸ ಕಾಯಿದೆಯ 24ನೆಯ ಕಲಮನ್ನು ನಮ್ಮ ಎಷ್ಟು ಮಾಲಿಕರು ಓದಿದ್ದಾರೆ? ವಾಸದ ಮನೆಯನ್ನು ಲೀವ್ ಅಂಡ್ ಲೈಸೆನ್ಸ್ ಮೇಲೆ ಕೊಟ್ಟಿದ್ದರೆ, ಅವಧಿ ಮುಗಿದ ದಿನ ಬಿಟ್ಟುಕೊಡಬೇಕು. ಬಿಡದಿದ್ದರೆ ಇಂಥ ಪ್ರಕರಣಗಳಿಗೆಂದೇ ನೇಮಿಸಿದ ಸಕ್ಷಮ ಪ್ರಾಧಿಕಾರದ ಮುಂದೆ ಅರ್ಜಿ ಹಾಕಬಹುದು. ಹೆಚ್ಚಿಗೆ ಕುಳಿತಷ್ಟು ಕಾಲಕ್ಕೆ ಬಾಡಿಗೆಯ ಇಮ್ಮಡಿ ದರದಲ್ಲಿ ನಷ್ಟ ಭರ್ತಿ. ಸಮನ್ಸು ತಲಪಿದ 30 ದಿನಗಳೊಳಗೆ ಪ್ರಮಾಣಪತ್ರ ಸಲ್ಲಿಸಿ ಅನುಮತಿ ಪಡೆಯದೆ ಎದುರುವಾದಿ ವಾದಿಸುವಂತೆಯೇ ಇಲ್ಲ. ಲಿಖಿತ ಕರಾರಿನಲ್ಲಿದ್ದದ್ದೇ ನಿರ್ಣಾಯಕ ಸಾಕ್ಷ್ಯ. ಇಷ್ಟು ಬಲವನ್ನು ಕಾನೂನು ನಮ್ಮ ಕೈಗೆ ಕೊಟ್ಟಿದೆ. ಕೇಳಿದ ಬೆಲೆ ಒಂದೇ, ಕಾಗದ. ಅದನ್ನು ಮಾಡಿಸದೆ, ಕಾನೂನು ಬಡ ಮಾಲಿಕನ ಪರ ಇಲ್ಲ ಎಂದು ಅಳುತ್ತೇವೆ.

"ಖರ್ಚು ಬರುತ್ತದಲ್ಲ?" ಎನ್ನುತ್ತಾರೆ. ಲೆಕ್ಕ ಹಾಕೋಣ. ಬಾಡಿಗೆ 15,000, ಅವಧಿ 24 ತಿಂಗಳು, ಡಿಪಾಜಿಟ್ ಒಂದು ಲಕ್ಷ ಎಂದಿಟ್ಟುಕೊಳ್ಳಿ. ಒಟ್ಟು ಬಾಡಿಗೆ 3,60,000; ಡಿಪಾಜಿಟ್ಟಿನ ಮೇಲೆ ವರ್ಷಕ್ಕೆ ಶೇಕಡಾ 10ರಂತೆ ಬಡ್ಡಿ 20,000; ಕೂಡಿದರೆ 3,80,000. ಅದರ ಮೇಲೆ ಶೇಕಡಾ 0.25ರಂತೆ ಸ್ಟಾಂಪು 950 ರೂಪಾಯಿ. ಮಹಾನಗರಪಾಲಿಕೆಯ ಹದ್ದಿನಲ್ಲಿ ನೋಂದಣಿ ಶುಲ್ಕ 1,000. ಒಂದು ತಿಂಗಳ ಬಾಡಿಗೆಯ ಏಳರಲ್ಲೊಂದು ಪಾಲೂ ಆಗದು. ಅರ್ಧ ಬಾಡಿಗೆದಾರ ಕೊಟ್ಟರೆ ಇನ್ನೂ ಕಡಿಮೆ. ಈಗ ಆಧಾರ್ ಕಾರ್ಡು, ಹೆಬ್ಬೆಟ್ಟಿನ ಗುರುತು ಕೊಟ್ಟು ಮನೆಯಲ್ಲಿ ಕುಳಿತೇ ನೋಂದಾಯಿಸಬಹುದು. "ಹನ್ನೊಂದು ತಿಂಗಳಿಗೆ ಮಾಡಿದರೆ ನೋಂದಣಿ ಬೇಡ" ಎಂದು ದಲಾಲರು ಹೇಳುವುದನ್ನು ನಂಬಬೇಡಿ. ಒಂದು ವರ್ಷ ಮೀರಿದ ಗೇಣಿಗೆ ಮಾತ್ರ ನೋಂದಣಿ ಕಡ್ಡಾಯವೆಂಬ 1908ರ ನೋಂದಣಿ ಕಾಯಿದೆಯಿಂದ ಬಂದ ಹಳೆಯ ಉಪಾಯವದು. ಮಹಾರಾಷ್ಟ್ರದಲ್ಲಿ ಹನ್ನೊಂದು ತಿಂಗಳ ಕರಾರಿಗೂ ನೋಂದಣಿ ಬೇಕು. (ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿರುವ ಬಂಧುಗಳು ತಮ್ಮ ತಮ್ಮ ಊರಿನ ಕಾನೂನನ್ನು ಕೇಳಿ ತಿಳಿಯಬೇಕು.)

ಈಗ ಕಹಿಯಾದ ಮಾತಿಗೆ ಬರುತ್ತೇನೆ. "ನಾವು ನಮ್ಮವರಿಗೆ ಮಾತ್ರ ಕೊಡುತ್ತೇವೆ" ಎಂದು ಎದೆಯುಬ್ಬಿಸಿ ಹೇಳುವವರು ನಮ್ಮಲ್ಲಿ ಬಹಳ. ಬ್ರಹ್ಮಚಾರಿಗಳು ಬೇಡ, ಮೀನು ತಿನ್ನುವವರು ಬೇಡ, ಆ ಧರ್ಮದವರು ಬೇಡ, ಒಂಟಿ ಹೆಂಗಸಂತೂ ಬೇಡವೇ ಬೇಡ. ಅಯ್ಯಾ, ನಾವು ಈ ಊರಿಗೆ ಬಂದದ್ದು ಹೇಗೆಂಬುದನ್ನು ಇಷ್ಟು ಬೇಗ ಮರೆತೆವೇ? ನಮ್ಮ ಹುಡುಗರು ಹೋಟೆಲಿನ ಮೇಜುಗಳ ಮೇಲೆ ಮಲಗಿ, ರಾತ್ರಿ ಶಾಲೆಯಲ್ಲಿ ಓದಿ, ಒಂದು ಖೋಲಿಯಲ್ಲಿ ಹತ್ತು ಹನ್ನೆರಡು ಮಂದಿ ಪಾಳಿಯ ಮೇಲೆ ನಿದ್ದೆ ಮಾಡಿದವರಲ್ಲವೇ? ದಕ್ಷಿಣದಿಂದ ಬಂದವರೆಲ್ಲ "ಮದರಾಸಿ"ಗಳೆಂದು ಬಾಗಿಲು ಮುಚ್ಚಿಸಿಕೊಂಡವರಲ್ಲವೇ? 1960ರ ದಶಕದ ಕೊನೆಗೆ ದಕ್ಷಿಣದವರ ವಿರುದ್ಧ ಚಳವಳಿ ಎದ್ದಾಗ ನಮ್ಮ ಹೋಟೆಲುಗಳ ಮೇಲೆ ಕಲ್ಲು ಬಿದ್ದದ್ದನ್ನು ಕಂಡ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಅತ್ತೆಯಾದ ಕೂಡಲೆ ಸೊಸೆಯ ಕಣ್ಣೀರು ಮರೆಯುವುದು ನಮ್ಮ ಜಾಣತನವೋ?

ನೀತಿಯ ಮಾತು ಬೇಡವೆಂದರೆ ಲಾಭದ ಮಾತನ್ನೇ ಕೇಳಿ. ನನಗೆ ಪೆಟ್ಟು ಬಿದ್ದದ್ದು ಪರರಿಂದಲ್ಲ. ನಮ್ಮವರೆಂಬ ಕಾರಣಕ್ಕೇ ಕಾಗದ ಕೇಳಲಿಲ್ಲ, ಮೊದಲ ತಿಂಗಳು ಬಾಕಿ ಕೇಳಲಿಲ್ಲ. ಕೇಳುವ ಹೊತ್ತಿಗೆ ಮನಸ್ಸು ಮುರಿದಿತ್ತು. 2018ರಿಂದ ಇದುವರೆಗೆ ಮೂವರಿಗೆ ಅದೇ ಮನೆ ಕೊಟ್ಟಿದ್ದೇನೆ, ಮೂರೂ ಬಾರಿ ನೋಂದಾಯಿಸಿದ ಕರಾರಿನ ಮೇಲೆ. ಒಬ್ಬರೂ ಕನ್ನಡದವರಲ್ಲ. ಒಬ್ಬರ ಮನೆಯಲ್ಲಿ ಶುಕ್ರವಾರದ ನಮಾಜು, ಇನ್ನೊಬ್ಬರ ಮನೆಯಲ್ಲಿ ಒಣಮೀನಿನ ವಾಸನೆ. ನೆರೆಯವರು ಮೂಗು ಮುರಿದರು. ಬಾಡಿಗೆ ಮಾತ್ರ ಐದನೆಯ ತಾರೀಕಿನೊಳಗೆ ಬಂತು.

ಡಿಪಾಜಿಟ್ಟಿನ ವಿಷಯದಲ್ಲಿ ನಮ್ಮ ನಡತೆ ಇನ್ನೂ ಹೀನ. ಅದು ಬಾಡಿಗೆದಾರ ನಮ್ಮಲ್ಲಿಟ್ಟ ಠೇವಣಿ. ನಾವೋ ಅದನ್ನು ಮಗಳ ಮದುವೆಗೋ ಹೊಸ ಟಿ.ವಿ.ಗೋ ಸುರಿದು, ಅವನು ಬಿಡುವ ದಿನ "ಬಣ್ಣದ ಖರ್ಚು" ಎಂಬ ಮಾಯಾಮಂತ್ರ ಹೇಳುತ್ತೇವೆ. ಮೂರು ವರ್ಷ ವಾಸ ಮಾಡಿದರೆ ಬಣ್ಣ ಮಾಸುವುದು ಸಹಜ. ಅದು ಬಾಡಿಗೆಯಲ್ಲೇ ಸೇರಿದೆ. ಒಡೆದ ಬೇಸಿನ್ನು, ಮುರಿದ ಬಾಗಿಲು, ಬಾಕಿ ಬಿಲ್ಲು ಇವನ್ನು ಹಿಡಿದುಕೊಳ್ಳಿ. ಅದಕ್ಕೆ ಕೊಡುವ ದಿನವೇ ಇಬ್ಬರೂ ಸೇರಿ ಫ್ಯಾನು, ನಲ್ಲಿ, ಬೀಗಗಳ ಪಟ್ಟಿ ಮಾಡಿ, ಗೋಡೆಗಳ ಫೋಟೋ ತೆಗೆದು ಸಹಿ ಹಾಕಿ. ಬಿಡುವ ದಿನ ಅದೇ ಪಟ್ಟಿ ಹಿಡಿದು ನೋಡಿ, ಒಂದು ಕೈಯಲ್ಲಿ ಕೀಲಿಕೈ ತೆಗೆದುಕೊಂಡು ಇನ್ನೊಂದು ಕೈಯಲ್ಲಿ ಹಣ ಕೊಡಿ. ಮಳೆಗಾಲದಲ್ಲಿ ಛಾವಣಿ ಸೋರಿದರೆ "ನೀವೇ ಮಾಡಿಸಿಕೊಳ್ಳಿ" ಎನ್ನಬೇಡಿ. ಮನೆ ನಿಮ್ಮದು, ಕೊಳೆಯುವ ಗೋಡೆಯೂ ನಿಮ್ಮದೇ.

ಸೊಸೈಟಿಯ ಕಮಿಟಿಗಳಲ್ಲಿ ಕುಳಿತ ನಮ್ಮವರಿಗೂ ಒಂದು ಮಾತು. ಬಾಡಿಗೆಗೆ ಕೊಟ್ಟ ಸದಸ್ಯನಿಂದ ವಸೂಲು ಮಾಡುವ ನಾನ್-ಆಕ್ಯುಪೆನ್ಸಿ ಶುಲ್ಕ ಸೇವಾ ಶುಲ್ಕದ ಶೇಕಡಾ 10ನ್ನು ಮೀರಬಾರದೆಂದು 2001ರಲ್ಲೇ ಸರಕಾರ ಆದೇಶಿಸಿದೆ. ಅದನ್ನು ಮೀರಿ "ದೇಣಿಗೆ" ಕೇಳುವುದು, ಎನ್.ಓ.ಸಿ. ಹೆಸರಿನಲ್ಲಿ ಸತಾಯಿಸುವುದು ಸೇವೆಯಲ್ಲ, ಸುಲಿಗೆ.

"ಇಷ್ಟೆಲ್ಲ ಮಾಡಿದರೂ ಮೋಸಗಾರ ಸಿಕ್ಕಿದರೆ?" ಎಂದು ಕೇಳಬಹುದು. ಸಿಗಬಹುದು. ಪ್ರಾಧಿಕಾರದಲ್ಲೂ ವಿಳಂಬ ಉಂಟು. ಆದರೆ ಕಾಗದವಿದ್ದವನು ಕಾಯಬೇಕಾದದ್ದಕ್ಕಿಂತ ಕಾಗದವಿಲ್ಲದವನು ಎಷ್ಟೋ ಪಾಲು ಹೆಚ್ಚು ಕಾಯಬೇಕು. ಬಾಕಿಯಾದ ಮೊದಲ ತಿಂಗಳೇ ಲಿಖಿತವಾಗಿ ಕೇಳಿ, ಎರಡನೆಯ ತಿಂಗಳು ನೋಟೀಸು ಕೊಡಿ. ಡಿಪಾಜಿಟ್ ಕರಗುವ ಮುಂಚೆ ಇತ್ಯರ್ಥವಾಗಲಿ. ದಾಕ್ಷಿಣ್ಯವನ್ನು ಅವಧಿ ಕೊಡುವುದರಲ್ಲಿ ತೋರಿಸಿ, ಬಾಯಿ ಮುಚ್ಚಿಕೊಳ್ಳುವುದರಲ್ಲಿ ಬೇಡ.

ಬೀಗದ ಮಾಲಿಕರಿಗೆ ಕೊನೆಯದಾಗಿ ಹೇಳುತ್ತೇನೆ. 2011ರ ಜನಗಣತಿಯಲ್ಲಿ ದೇಶದ ನಗರಗಳಲ್ಲಿ ಸುಮಾರು 1.1 ಕೋಟಿ ಮನೆಗಳು ಖಾಲಿ ಇದ್ದುವು. ನಿಮ್ಮದೂ ಅಂಥ ಒಂದು. ಬೀಗ ಹಾಕಿದರೂ ಮೆಂಟೆನೆನ್ಸ್ ತಪ್ಪದು, ಆಸ್ತಿ ತೆರಿಗೆ ತಪ್ಪದು, ಗೆದ್ದಲೂ ತಪ್ಪದು. ಅತ್ತ ಊರಿನಿಂದ ಹೊಸದಾಗಿ ಬಂದ ಹುಡುಗ ವಿರಾರಿನಿಂದಲೋ ಬದಲಾಪುರದಿಂದಲೋ ಲೋಕಲಿಗೆ ಜೋತು ಬೀಳುತ್ತಾನೆ.

ನಮ್ಮ ಸಂಘಕ್ಕೆ ನನ್ನದೊಂದು ವಿನಂತಿ. ತಿಂಗಳಿಗೊಂದು ಭಾನುವಾರ ಎರಡು ಗಂಟೆ ಹೊತ್ತು, ಒಬ್ಬ ವಕೀಲರು, ಒಂದು ಮೇಜು, ಕರಾರಿನ ಕನ್ನಡ ಮಾದರಿ, ಇಷ್ಟನ್ನು ಒದಗಿಸಲಿ. ಮಾಲಿಕನೂ ಬರಲಿ, ಬಾಡಿಗೆದಾರನೂ ಬರಲಿ. ಮುಂದಿನ ವಾರ್ಷಿಕೋತ್ಸವದೊಳಗೆ ಆ ಠಾಣೆಯ ಹಿರಿಯರೂ ಬೀಗ ತೆಗೆದು ಬಂದರೆ, ಅವರ ಕರಾರಿಗೆ ಸಾಕ್ಷಿಯ ಸಹಿ ಹಾಕಲು ನಾನು ಸಿದ್ಧ.